ಸ್ಟೀರಿಂಗ್ ರಾಡ್‌ಗೆ ಯಾವ ಗಾರ್ಡ್ ಹಾಕಿಸಲಿ?

ಪ್ರಶ್ನೆ: ನನ್ನದು ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್. ಕಲ್ಲಿನ ದಾರಿಯಲ್ಲಿ ಹೋಗುವಾಗ ಸ್ಟೀರಿಂಗ್ ರಾಡ್ ಬಂಡೆಗೆ ಬಡಿದು ಬಾಗಿತು. ನೇರ ಹೋಗುವಾಗಲೂ ಈಗ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ. ಅದನ್ನು ಕಾಯಲು ಕೆಳಗೆ ತಗಡಿನ ಗಾರ್ಡ್ ಹಾಕಿಸುವುದಾದರೆ ಸ್ಟೀಲ್ ಒಳ್ಳೆಯದಾ, ಅಲ್ಯೂಮಿನಿಯಂ ಒಳ್ಳೆಯದಾ? ಗಾರ್ಡ್ ಬೇಡ, ದಪ್ಪ ರಾಡ್ ಹಾಕಿಸಿದರೆ ಸಾಕು ಅಂತಾರೆ ಸ್ನೇಹಿತರು.

ಉತ್ತರ: ಮೊದಲು ಗಾಡಿಯ ಕೆಳಗೆ ಒಮ್ಮೆ ಇಣುಕಿ ನೋಡಿ. ನಿಮ್ಮ ಗಾಡಿಯಲ್ಲಿ ಎರಡು ಸ್ಟೀರಿಂಗ್ ರಾಡ್ ಇವೆ. ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಟ್ರ್ಯಾಕ್ ರಾಡ್, ಆಕ್ಸಲ್‌ನ ಅಂದರೆ ಆ ಚಕ್ರಗಳ ನಡುವಿನ ಅಚ್ಚಿನ ಹಿಂದಿದೆ. ಮುಂದೆ ಹೋಗುವಾಗ ಆಕ್ಸಲ್ಲೇ ಅದಕ್ಕೆ ಸ್ವಲ್ಪ ಮರೆ. ನಾವು ತಿರುಗಿಸಿದ್ದನ್ನು ರಾಡ್‌ಗೆ ದಾಟಿಸುವ ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಆಕ್ಸಲ್‌ನ ಮುಂದೆ, ಬಯಲಲ್ಲೇ ಇದೆ. ಬಂಡೆ ಮೊದಲು ಸಿಗುವುದು ಅದಕ್ಕೇ. ಸ್ಟೀರಿಂಗ್ ಓರೆಯಾಗಿದೆ ಎಂದರೆ ಬಹುಶಃ ಬಾಗಿರುವುದೂ ಅದೇ. ಟ್ರ್ಯಾಕ್ ರಾಡ್ ಬಾಗಿದ್ದರೆ ಚಕ್ರಗಳ ನೇರ ತಪ್ಪಿ, ಟೈರ್ ಒಂದು ಅಂಚಿನಲ್ಲೇ ಸವೆಯುತ್ತದೆ. ಬಾಗಿದ ರಾಡ್ ಬದಲಿಸಿದ ಮೇಲೆಯೇ ಗಾರ್ಡ್ ಮಾತು. ಅದನ್ನು ಬಡಿದು ನೇರ ಮಾಡಿಸಿ ಓಡಿಸಬೇಡಿ.

ದಪ್ಪ ರಾಡ್ ಸುಲಭಕ್ಕೆ ಬಾಗುವುದಿಲ್ಲ, ನಿಜ. ಆದರೆ ಪೆಟ್ಟು ಎಲ್ಲೂ ಹೋಗಲ್ಲ ಅಲ್ವಾ? ಅದು ರಾಡ್ ತುದಿಯ ಕೀಲಾದ ಬಾಲ್ ಜಾಯಿಂಟ್‌ಗೋ ಸ್ಟೀರಿಂಗ್ ಬಾಕ್ಸ್‌ಗೋ ದಾಟುತ್ತದೆ. ಬಾಗಿದ ರಾಡ್ ಇಟ್ಟುಕೊಂಡು ನಿಧಾನಕ್ಕೆ ಹೇಗೋ ಮನೆ ಸೇರಬಹುದು, ಮುರಿದ ಸ್ಟೀರಿಂಗ್ ಬಾಕ್ಸ್ ಇಟ್ಟುಕೊಂಡು ಆಗಲ್ಲ. ಹಾಗಾಗಿ ನನ್ನ ಮತ ಗಾರ್ಡ್‌ಗೇ. ದಪ್ಪ ರಾಡ್ ಬೇಕಿದ್ದರೆ ಅದರ ಜೊತೆಗೆ ಹಾಕಿಸಿ.

ಇನ್ನು ಲೋಹ. ಅಲ್ಯೂಮಿನಿಯಂ ಹಗುರ. ಅರ್ಧ ಚದರ ಮೀಟರ್ ತಗಡು ಲೆಕ್ಕ ಹಾಕಿದರೆ, 4 ಮಿಲಿಮೀಟರ್ ಸ್ಟೀಲ್ ಸುಮಾರು 16 ಕಿಲೋ, 6 ಮಿಲಿಮೀಟರ್ ಅಲ್ಯೂಮಿನಿಯಂ ಸುಮಾರು 8 ಕಿಲೋ. ಆದರೆ ಬಂಡೆಯ ಮೇಲೆ ಸ್ಟೀಲ್ ಜಾರುತ್ತದೆ, ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಕಲ್ಲು ಅದನ್ನು ಕೆತ್ತಿ ಕಚ್ಚಿಕೊಳ್ಳುತ್ತದೆ. ಮಣ್ಣು, ಮರಳಿನ ದಾರಿಯಾದರೆ ಅಲ್ಯೂಮಿನಿಯಂ ಸಾಕು. ಪದೇ ಪದೇ ಬಂಡೆ ಹತ್ತುವವರಿಗೆ ನಾನು ಸ್ಟೀಲೇ ಹೇಳುತ್ತೇನೆ. ನಿಮಗೂ ಅದೇ.

ಲೋಹಕ್ಕಿಂತ ಜಾಸ್ತಿ ಗಮನ ಆಕಾರಕ್ಕೆ ಕೊಡಿ. ಗಾರ್ಡ್ ಬಂಡೆಗೆ ಅಡ್ಡ ನಿಲ್ಲಬಾರದು, ಗಾಡಿಯನ್ನು ಅದರ ಮೇಲೆ ಜಾರಿಸಬೇಕು. ಮುಂದಿನ ಅಂಚು ಮೇಲಕ್ಕೆ ಓರೆಯಾಗಿರಲಿ. ಬೋಲ್ಟ್ ತಲೆಗಳು ತಗಡಿನೊಳಗೆ ಕೂತಿರಲಿ, ಹೊರಗೆ ಚಾಚಿದರೆ ಮೊದಲ ಕಲ್ಲಿಗೇ ಸವೆದು ಹೋಗಿ ಆಮೇಲೆ ಬಿಚ್ಚಲು ಆಗಲ್ಲ. ಕೆಸರು ಇಳಿದುಹೋಗಲು ದೊಡ್ಡ ತೂತುಗಳು ಬೇಕೇ ಬೇಕು.

ಎಲ್ಲರೂ ಮರೆಯುವುದು ಇನ್ನೊಂದಿದೆ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಅದರ ಜೊತೆ ರಾಡ್‌ಗಳೂ ಆಡುತ್ತವೆ. ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ಬಿಗಿದ ಗಾರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ನಿಂತ ಗಾಡಿಯಲ್ಲಿ ಚೆನ್ನಾಗಿ ಕಂಡ ಗಾರ್ಡ್‌ಗೆ, ಚಕ್ರ ಹಳ್ಳಕ್ಕೆ ಇಳಿದಾಗ ರಾಡ್ ತಾಗಿ ಸ್ಟೀರಿಂಗ್ ಸಿಕ್ಕಿಕೊಳ್ಳಬಹುದು. ಅದಕ್ಕೇ ಹಾಕಿಸಿದ ದಿನವೇ ಚಾಸಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಜಾಕ್ ಒಂದನ್ನೇ ನಂಬಬೇಡಿ. ಆಕ್ಸಲ್ ಪೂರ್ತಿ ಜೋತುಬಿಟ್ಟಾಗ ಒಮ್ಮೆ, ಪೂರ್ತಿ ಎತ್ತಿದಾಗ ಒಮ್ಮೆ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಎಲ್ಲೂ ತಾಗದೆ ಬೆರಳು ತೂರುವಷ್ಟು ಜಾಗ ಉಳಿದರೆ ಮಾತ್ರ ಆ ಗಾರ್ಡ್ ಇಟ್ಟುಕೊಳ್ಳಿ.