"ನಿದ್ದೆ ಬರಲ್ಲ ಅಂತಲ್ಲ ಮೇಡಂ, ಏಳಬೇಕಾಗುತ್ತೆ"

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಇರುವವರು ನನ್ನಲ್ಲಿಗೆ ಬಂದಾಗ ಮೊದಲು ಆಡುವ ಮಾತು ಹೆಚ್ಚುಕಡಿಮೆ ಒಂದೇ: "ವಿಪರೀತ ಸುಸ್ತು, ರಾತ್ರಿ ನಿದ್ದೆ ಇಲ್ಲ." ಜೊತೆಗೆ ಬಂದ ಮನೆಯವರ ಮಾತೂ ಒಂದೇ: "ಹಗಲೆಲ್ಲ ಬಿದ್ದುಕೊಂಡಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?" ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ವರ್ಷಗಟ್ಟಲೆ ನವೆಯುವವರು ಮತ್ತೆ ಮತ್ತೆ ಕಾಣಸಿಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವ ಹೆಣ್ಣುಮಗಳ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಹಳ್ಳಿ. ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ಕೂಡುಕುಟುಂಬ. ಆಕೆಗೆ ಮೂವತ್ತು ದಾಟಿದೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಮೊದಲು ಒಂದು ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಗಿತ್ತು. ಆಮೇಲೆ ಕಾಲಿಗೆ ಜೋಮು ಹಿಡಿಯಿತು. ಮೈಸೂರಿಗೆ ಹೋಗಿ ಎಂ.ಆರ್.ಐ. ಮಾಡಿಸಿದ ಮೇಲೆ ರೋಗದ ಹೆಸರು ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಗೆಡಹುವ ಕಾಯಿಲೆ ಇದು. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು–ಮೂರು ಪಟ್ಟು ಹೆಚ್ಚು. ನಮ್ಮ ಮನೆಗಳಲ್ಲಿ ಹೆಣ್ಣಿನ ಹೆಗಲ ಮೇಲೆ ಎಲ್ಲ ಭಾರವೂ ಬಂದು ಕೂರುವ ವಯಸ್ಸೂ ಅದೇ.

ಆ ದಿನ ಗಂಡ, ಅತ್ತೆ ಇಬ್ಬರೂ ಬಂದಿದ್ದರು. ಅವರನ್ನು ಹೊರಗೆ ಕೂರಿಸಿ ಆಕೆಯೊಬ್ಬಳ ಜೊತೆ ಮಾತಿಗೆ ಕುಳಿತೆ. ನಿದ್ದೆ ಹೇಗಿದೆ ಎಂದು ನಾನು ಕೇಳುವುದಿಲ್ಲ. ಕೇಳಿದರೆ "ಸರಿ ಇಲ್ಲ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. "ದೀಪ ಆರಿಸಿದ ಮೇಲೆ ಬೆಳಗಾಗೋ ತನಕ ಏನೇನಾಗುತ್ತೆ, ಒಂದೊಂದಾಗಿ ಹೇಳಿ" ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿದ್ದೆ ಬರಲ್ಲ ಅಂತಲ್ಲ ಮೇಡಂ, ಏಳಬೇಕಾಗುತ್ತೆ."

"ಯಾಕೆ?"

ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಒಂದಕ್ಕೆ."

ರಾತ್ರಿಗೆ ನಾಲ್ಕು ಸಲ, ಕೆಲವೊಮ್ಮೆ ಐದು. ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿ. ಮಳೆಗಾಲದಲ್ಲಿ ಕರೆಂಟಿರುವುದಿಲ್ಲ. ಅಂಗಳದ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಎದ್ದ ಕೂಡಲೇ ಕಾಲು ಸೆಟೆದುಕೊಳ್ಳುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗೋಡೆ. "ತಡ್ಕೊಳೋಕೆ ಆಗಲ್ಲ ಮೇಡಂ. ದಾರೀಲೇ ಆಗ್ಬಿಟ್ಟಿದ್ದೂ ಇದೆ. ಅತ್ತೆ ಏಳೋದ್ರೊಳಗೆ ನೈಟಿ ಒಗೆದು ಹಾಕ್ತೀನಿ." ಇದಕ್ಕೆ ಆಕೆ ತಾನೇ ಕಂಡುಕೊಂಡ ಉಪಾಯವೆಂದರೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದು. ಹಗಲು ಕಣ್ಣು ಎಳೆಯುತ್ತದೆಂದು ಕಾಫಿ, ಸಂಜೆ ಮತ್ತೆ ಕಾಫಿ.

ಡಾಕ್ಟರಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. "ಅವರು ಗಂಡಸರು, ಪಕ್ಕದಲ್ಲಿ ಇವರೂ ನಿಂತಿರ್ತಾರೆ. ಹೇಗೆ ಹೇಳಲಿ? ನಿದ್ದೆ ಬರಲ್ಲ ಅಂದೆ, ಮಾತ್ರೆ ಕೊಟ್ರು." ಆ ಮಾತ್ರೆಯ ಮಂಪರಿನಲ್ಲೇ ನಡುರಾತ್ರಿ ಎದ್ದು ಹೋಗಿ ಅಂಗಳದಲ್ಲಿ ಬಿದ್ದು ಮೊಣಕೈ ಕಿತ್ತುಕೊಂಡಿದ್ದಳು. ಮನೆಯಲ್ಲಿ ಹೇಳಿದ್ದು ತೋಟದಲ್ಲಿ ಜಾರಿದೆ ಎಂದು.

ಎಂ.ಎಸ್. ಇರುವವರಲ್ಲಿ ಮೂತ್ರದ ತೊಂದರೆ ಬಹಳ ಸಾಮಾನ್ಯ. ಮೂತ್ರಕೋಶ ಯಾವಾಗ ಬಿಗಿಯಬೇಕು, ಯಾವಾಗ ಸಡಿಲಬೇಕು ಎಂಬ ಸಂದೇಶ ಬೆನ್ನುಹುರಿಯ ಮೂಲಕವೇ ಹೋಗಿಬರಬೇಕು, ಅಲ್ಲೇ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಇದು ಕಾಯಿಲೆಯದೇ ಭಾಗ, ನಾಚಿಕೆ ಪಡುವಂಥದ್ದಲ್ಲ. ಮುಖ್ಯವಾಗಿ ಇದಕ್ಕೆ ಚಿಕಿತ್ಸೆಯಿದೆ. ಎಂ.ಎಸ್.ನ ಸುಸ್ತು ಒಂದು ಬೇರೆಯೇ ಇದೆ. ರಾತ್ರಿಯಿಡೀ ಮಲಗಿ ಎದ್ದರೂ ಬರುತ್ತದೆ, ಏನೂ ಕೆಲಸ ಮಾಡದಿದ್ದರೂ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೈಕಾಲಿನ ಶಕ್ತಿ ಇಂಗಿಹೋಗುತ್ತದೆ. ಅದನ್ನು ಪೂರ್ತಿ ಕಳೆಯುವ ದಾರಿ ಇವತ್ತಿಗೂ ಇಲ್ಲ. ಆದರೆ ಅದರ ಮೇಲೆ ನಿದ್ದೆಗೇಡಿನ ಸುಸ್ತೂ ಕೂತಿರುತ್ತದಲ್ಲ, ಅದನ್ನು ಇಳಿಸಬಹುದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ "ಈ ರೋಗವೇ ಹಾಗೆ" ಎಂದು ಕೈಚೆಲ್ಲಿ ಕೂರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಚೀಟಿ, ಪೆನ್ನು ದಿಂಬಿನ ಬಳಿ ಇಟ್ಟುಕೊಳ್ಳಿ ಅಂದೆ. ಪ್ರತಿ ಸಲ ಎಚ್ಚರವಾದಾಗ ಗಂಟೆ ಮತ್ತು ಕಾರಣ ಬರೆಯಬೇಕು. ಮೂತ್ರವೋ, ಕಾಲಿನ ಸೆಳೆತವೋ, ನೋವೋ, ಕಾಲು ಆಡಿಸುತ್ತಲೇ ಇರಬೇಕೆನ್ನಿಸುವ ಚಡಪಡಿಕೆಯೋ, ಯೋಚನೆಯೋ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟುತ್ತದೆಯೇ ಎಂದು ಗಂಡನನ್ನು ಕೇಳಬೇಕು. ಒಂದೊಂದಕ್ಕೂ ಮದ್ದು ಬೇರೆ. ಬಾಯಲ್ಲಿ ಹೇಳಲಾಗದ್ದನ್ನು ಡಾಕ್ಟರಿಗಾಗಿ ನನ್ನೆದುರಿಗೇ ಬರೆಸಿದೆ: "ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತೇನೆ. ತಡೆಯಲು ಆಗುವುದಿಲ್ಲ. ಹೋಗಿ ಬಂದ ಮೇಲೂ ಉಳಿದಿದೆ ಅನ್ನಿಸುತ್ತದೆ." ಒಳಗೆ ಹೋದ ಕೂಡಲೇ ಈ ಚೀಟಿಯನ್ನು ಮೇಜಿನ ಮೇಲಿಡಿ, ಮಾತಾಡಬೇಕಾಗಿಲ್ಲ ಅಂದೆ. ಕೊನೆಯ ಸಾಲು ಮುಖ್ಯ. ಮೂತ್ರಕೋಶ ಅತಿಯಾಗಿ ಬಿಗಿಯುವವರಿಗೂ ಪೂರ್ತಿ ಖಾಲಿಯಾಗದವರಿಗೂ ಚಿಕಿತ್ಸೆ ಒಂದೇ ಅಲ್ಲ. ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿ ಎಷ್ಟು ಉಳಿದಿದೆ ನೋಡುತ್ತಾರೆ, ಸೋಂಕಿದೆಯೇ ಎಂದು ಮೂತ್ರ ಪರೀಕ್ಷೆ ಮಾಡುತ್ತಾರೆ. ಪಕ್ಕದ ಮನೆಯವರ ಮಾತ್ರೆಯನ್ನು ಮಾತ್ರ ಯಾರೂ ನುಂಗಬೇಡಿ.

ನೀರು ಬಿಡಬಾರದು. ಮೂತ್ರ ಗಟ್ಟಿಯಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಬೆಳಗಿನಿಂದ ಸಂಜೆಯೊಳಗೆ ಬೇಕಾದಷ್ಟು ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರೆ ಸಾಕು. ಮಧ್ಯಾಹ್ನದ ಮೇಲೆ ಕಾಫಿ ಬೇಡ ಅಂದೆ. ಕಾಫಿ ಬೆಳೆಯುವವರ ಮನೆಯಲ್ಲಿ ಈ ಮಾತು ಸುಲಭಕ್ಕೆ ಇಳಿಯುವುದಿಲ್ಲ, ಗೊತ್ತು. ಆದರೆ ಕೆಫೀನು ನಿದ್ದೆಯನ್ನೂ ಕೆಡಿಸುತ್ತದೆ, ಮೂತ್ರಕೋಶವನ್ನೂ ಕೆರಳಿಸುತ್ತದೆ. ಹಿತ್ತಲಿಗೆ ಹೋಗುವ ಬದಲು ಕೋಣೆಯಲ್ಲೇ ಒಂದು ಕಮೋಡ್ ಕುರ್ಚಿ, ಚಾರ್ಜಿನ ಸಣ್ಣ ದೀಪ ಇಡಿಸಿದೆವು.

ಆಕೆಯ ಒಪ್ಪಿಗೆ ಕೇಳಿಕೊಂಡೇ ಅತ್ತೆಯನ್ನು ಒಳಗೆ ಕರೆದೆ. ಅವರು ಕೆಟ್ಟವರೇನಲ್ಲ. "ನಾವೂ ಹೆತ್ತು ಗದ್ದೆಗಿಳಿದೋರೇ" ಎಂದು ಶುರು ಮಾಡಿದರು. ನಂತರ, "ಮೈ ಹಗುರಾಗ್ಲಿ ಅಂತ ದಿನಾ ಹಂಡೆ ತುಂಬ ಸುಡುನೀರು ಕಾಯಿಸಿ ಕೊಡ್ತೀನಿ, ಮಿಂದು ಬಂದೋಳೇ ನಿಲ್ಲೋಕಾಗಲ್ಲ ಅಂತ ಮಲ್ಗಿಬಿಡ್ತಾಳೆ" ಅಂದರು. ನನಗೆ ಬೇಕಿದ್ದ ಮಾತು ಅದೇ. ಮಯಲಿನ್ ಹಾಳಾದ ನರದಲ್ಲಿ ಮೈ ಬಿಸಿಯಾದಷ್ಟೂ ಸಂದೇಶ ಸಾಗುವುದು ಕಷ್ಟವಾಗುತ್ತದೆ. ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲೇ, ಮೈ ದಣಿಸಿಕೊಂಡಾಗ ಹೀಗೆ ಕಣ್ಣು ಮಂಜಾಗುವುದನ್ನು ಗುರುತಿಸಿದ್ದರು. ಎಂ.ಆರ್.ಐ. ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ನೋಡುವುದೇ ಒಂದು ಪರೀಕ್ಷೆಯಾಗಿತ್ತು. ಇಷ್ಟನ್ನು ಹೇಳಿದಾಗ ಆ ತಾಯಿ ಗಾಬರಿಯಾದರು: "ಹಾಗಾದ್ರೆ ನಾನೇ ಇವಳ ಕಾಯಿಲೆ ಜಾಸ್ತಿ ಮಾಡಿದ್ನಾ?" ಇಲ್ಲ ಅಮ್ಮಾ, ಮೈ ತಣ್ಣಗಾದರೆ ಅದು ಇಳಿಯುತ್ತೆ, ನರಕ್ಕೆ ಹೊಸ ಹಾನಿ ಆಗಲ್ಲ, ಉಗುರುಬೆಚ್ಚಗಿನ ನೀರು ಕೊಡಿ ಸಾಕು ಅಂದೆ. ಸೊಸೆ ಸೋಮಾರಿಯಲ್ಲ ಎಂದು ನಾನು ಹತ್ತು ಸಲ ಹೇಳಿದ್ದರೂ ಆಗದ ಕೆಲಸವನ್ನು ಆ ಹಂಡೆಯ ನೀರು ಮಾಡಿತು.

ಒಂದು ಸಲಹೆಗೆ ಆಕ್ಷೇಪ ಬಂತು. ದಣಿಯುವ ಮೊದಲೇ, ದಿನಾ ಹನ್ನೊಂದು ಗಂಟೆಗೆ ಅರ್ಧ ಗಂಟೆ ಮಲಗಿ. ಮೈ ಚೆನ್ನಾಗಿದೆ ಅನ್ನಿಸಿದ ದಿನವೂ ಮಲಗಿ ಅಂದಿದ್ದೆ. ಕೊಯ್ಲಿನ ಕಾಲದಲ್ಲಿ ಸೊಸೆಗೆ ಹೀಗೆ ಹೇಳುವುದೆಂದರೆ ಮನೆಯಲ್ಲಿ ಜಗಳ ಹಚ್ಚಿದಂತೆ ಎಂದು ಸಹೋದ್ಯೋಗಿಯೊಬ್ಬರು ಅಂದರು. ನಾನು ಒಪ್ಪುವುದಿಲ್ಲ. ಆಕೆ ಚೆನ್ನಾಗಿದ್ದ ದಿನ ತಾನು ಸೋಮಾರಿಯಲ್ಲ ಎಂದು ತೋರಿಸಲು ಅಡುಗೆ, ಕಣ, ಕೆಲಸದವರ ಟೀ ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುತ್ತಿದ್ದಳು. ಮುಂದಿನ ಎರಡು ದಿನ ಏಳುತ್ತಿರಲಿಲ್ಲ. ಮನೆಯವರಿಗೆ ಕಾಣುತ್ತಿದ್ದುದು ಆ ಎರಡು ದಿನ ಮಾತ್ರ. ಗೊತ್ತಾದ ಹೊತ್ತಿಗೆ ಒಂದಿಷ್ಟು ಮಲಗುವವಳನ್ನು ನಂಬಿ ಮನೆಯವರು ಕೆಲಸ ಹಂಚಿಕೊಳ್ಳಬಹುದು. ಯಾವಾಗ ಬೀಳುತ್ತಾಳೋ ಗೊತ್ತಿಲ್ಲದವಳ ಮೇಲೆ ಸಿಟ್ಟು ಮಾತ್ರ ಬರುತ್ತದೆ. ಮಧ್ಯಾಹ್ನ ಮೂರರ ಮೇಲೆ ಮಾತ್ರ ಮಲಗಬಾರದು, ರಾತ್ರಿಯ ನಿದ್ದೆ ಕೆಡುತ್ತದೆ.

ಸುಸ್ತಿಗೆ ಒಂದು ಮಾತ್ರೆ ಇದ್ದರೆ ಹೇಳಿ ಎಂದು ಗಂಡ ಕೇಳಿದ. ಅದಕ್ಕೆಂದು ಬಳಸುವ ಅಮಾಂಟಡಿನ್, ಮೊಡಾಫಿನಿಲ್, ಮಿಥೈಲ್‌ಫೆನಿಡೇಟ್ ಮೂರನ್ನೂ ಔಷಧವೇ ಇಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು, ಹುಸಿ ಮಾತ್ರೆಗಿಂತ ಅವು ಮೇಲೇನಲ್ಲ ಎಂದು ಕಂಡಿತು. ಆಯಾ ರೋಗಿಗೆ ಏನು ಕೊಡಬೇಕೆಂಬುದು ನರರೋಗ ತಜ್ಞರಿಗೆ ಬಿಟ್ಟದ್ದು. ಮೈಗೆ ಒಗ್ಗುವಷ್ಟು ವ್ಯಾಯಾಮ, ಥೈರಾಯ್ಡ್, ರಕ್ತಹೀನತೆ, ಬಿ12 ಪರೀಕ್ಷೆ, ಇವು ಮೊದಲು ಆಗಲಿ. ಖಿನ್ನತೆಯೂ ಈ ರೋಗದಲ್ಲಿ ಹೆಚ್ಚು. ಬದುಕು ಸಾಕೆನ್ನಿಸಿದೆಯೇ ಎಂದು ನಾನು ನೇರವಾಗಿ ಕೇಳಿದೆ, ಆಕೆಗೆ ಹಾಗಿರಲಿಲ್ಲ. ಹಾಗನ್ನಿಸುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಇದೆ ಎಂಬುದೂ ಆ ಮನೆಗೆ ತಿಳಿದಿರಲಿಲ್ಲ. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿಸಿದೆ.

ನನ್ನೆದುರು ಬರೆದ ಆ ಚೀಟಿ ಡಾಕ್ಟರ ಮೇಜು ತಲುಪಿತು, ಮಾತ್ರೆ ಬದಲಾಯಿತು. ಈಗ ರಾತ್ರಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಏಳುತ್ತಾಳೆ. ಸುಸ್ತು ಹೋಗಿಲ್ಲ, ಹೋಗುತ್ತದೆಂದು ನಾನು ಹೇಳಿರಲೂ ಇಲ್ಲ. ಈ ಕೊಯ್ಲಿಗೆ ಕೆಲಸದವರಿಗೆ ಟೀ ಒಯ್ಯುವುದು ಮೈದುನನ ಪಾಲಿಗೆ ಹೋಗಿದೆ. ಕೂತು ಬರೆಯುವ ಕೂಲಿ ಲೆಕ್ಕ ಆಕೆಯದು.