ದಿನಕ್ಕೊಂದು ಬೈಬಲ್ ವಚನ ಓದುವುದನ್ನು ಮೊದಲು ನಿಲ್ಲಿಸಿ

ಪ್ರತಿ ಜನವರಿಗೆ 'ಒಂದು ವರ್ಷದಲ್ಲಿ ಬೈಬಲ್' ಯೋಜನೆ ಶುರು ಮಾಡುತ್ತೀರಿ, ನಡುವೆ ಬಿಡುತ್ತೀರಿ. ಈಗ ಬೆಳಿಗ್ಗೆ ಮೊಬೈಲಿಗೆ ಬರುವ ಒಂದು ವಚನಕ್ಕೆ ಬಂದು ನಿಂತಿದ್ದೀರಿ. ಆದರೂ ವಿಶ್ವಾಸ ಗಟ್ಟಿಯಾಗುತ್ತಿಲ್ಲ, ಇದಕ್ಕಿಂತ ಒಳ್ಳೆಯ ಆ್ಯಪ್ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಹೆಸರು ತೆಗೆದು ನನ್ನ ಹೆಸರು ಹಾಕಿದರೂ ಈ ಪ್ರಶ್ನೆಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಆ್ಯಪ್ ಹೆಸರು ನನ್ನಿಂದ ಸಿಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಕಾರವಾರದವಳು. ಬೈತ್ಕೋಲ್ ಬಂದರಿನ ಹತ್ತಿರ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸುತ್ತಿದ್ದೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆ, ಹಾಗಾಗಿ ಬೈಬಲ್ ಕನ್ನಡದ್ದು. ಅಜ್ಜಿಯ ಕಾಲದಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ತಪ್ಪುತ್ತಿರಲಿಲ್ಲ, ಆದರೆ ಮನೆಯಲ್ಲಿ ಬೈಬಲ್ ಇರಲಿಲ್ಲ. ಅದು ಪಾದ್ರಿಗಳು ಓದುವ ಪುಸ್ತಕ ಅಂತ ನಂಬಿದ್ದರು. ಎಲ್ಲ ವಿಶ್ವಾಸಿಗಳೂ ಬೈಬಲ್ ಓದಬೇಕು ಅಂತ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತ್ತು. ಆ ಮಾತು ನಮ್ಮ ಮನೆಯ ತನಕ ಬರಲು ಬಹಳ ವರ್ಷ ಹಿಡಿಯಿತು. ಬಂದಾಗಲೂ ಏನು, ದೊಡ್ಡ ಬೈಬಲ್ ಒಂದು ಆಲ್ತಾರದ, ಅಂದರೆ ದೇವರ ಪೀಠದ, ಮೇಲೆ ಹೂವಿನ ಪಕ್ಕ ಕೂತಿತು, ಅಷ್ಟೇ.

ನಾನೂ ಒಂದು ವರ್ಷದ ಯೋಜನೆಯಿಂದಲೇ ಶುರು ಮಾಡಿದ್ದು. ಲೆಕ್ಕದವಳು ನೋಡಿ, ಮೊದಲು ಭಾಗಾಕಾರ ಮಾಡಿದೆ. ಪ್ರಾಟೆಸ್ಟೆಂಟರ 66 ಪುಸ್ತಕದ ಬೈಬಲ್‌ನಲ್ಲಿ 1189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಕ್ಯಾಥೊಲಿಕರ 73 ಪುಸ್ತಕ ಹಿಡಿದರೆ ಇನ್ನೂ ಜಾಸ್ತಿ. ಆದಿಕಾಂಡದ 50 ಅಧ್ಯಾಯ ಕತೆ ಓದಿದ ಹಾಗೆ ಓಡುತ್ತದೆ. ವಿಮೋಚನಕಾಂಡದ ಅರ್ಧದವರೆಗೂ ತೊಂದರೆಯಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಬರುತ್ತದೆ, ಅಲ್ಲಿ ಬಲಿಯ ಕೊಬ್ಬು, ಕುಷ್ಠದ ಕಲೆ, ಗೋಡೆಯ ಬೂಷ್ಟು. ನೀವು ಬಿಟ್ಟಿದ್ದು ಅಲ್ಲೇ ಅಲ್ವಾ? ಎಲ್ಲರೂ ಬಿಡುವುದು ಅಲ್ಲೇ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ದಿನಕ್ಕೊಂದು ವಚನ. ಸೂರ್ಯೋದಯದ ಚಿತ್ರ, ಮೇಲೆ ಎರಡು ಸಾಲು. ಚಹಾ ಕುದಿಯುವಷ್ಟರಲ್ಲಿ ಓದಿ ಮುಗಿಯುತ್ತಿತ್ತು. ಓದಿದ್ದನ್ನು ಸುಮ್ನೆ ಇಟ್ಟುಕೊಳ್ಳುವುದು ಹೇಗೆ? ಚರ್ಚಿನ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೆ, ನೆಂಟರಿಗೆ ಕಳಿಸುತ್ತಿದ್ದೆ. ಕೈಮುಗಿದ ಚಿಹ್ನೆಗಳು ಬರುತ್ತಿದ್ದವು. ದೊತೊರ್ನ್ ಟೀಚರ್ ಬೇರೆ, ನನಗೆ ಬೈಬಲ್ ಚೆನ್ನಾಗಿ ಗೊತ್ತು ಅಂತ ಜನ ನಂಬಿದರು. ಅವರಿಗಿಂತ ಜಾಸ್ತಿ ನಾನೇ ನಂಬಿದೆ.

ಚಿಕ್ಕಮ್ಮನ ಮಗ ಒಬ್ಬ ಇದ್ದಾನೆ, ಅಣ್ಣ ಅಂತಲೇ ಕರೆಯುವುದು. ಒಂದು ಬೋಟ್ ಮಾಡಿದ್ದ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಸಾಲದ ಮೇಲೆ ದಿನ ಕಳೆಯಬೇಕು. ಆಗಸ್ಟ್ ಬಂತು ಅಂತ ಹೊರಟ ಬೋಟು, ಕಡಲು ಇನ್ನೂ ಎದ್ದಿದ್ದ ದಿನ, ಬಂಡೆಗೆ ತಾಗಿ ಒಡೆಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಎಂಜಿನ್ ಮತ್ತು ಬಲೆ ಉಳಿದವು. ಮಲ್ಪೆ ಕಡೆಯ ಪಾರ್ಟಿಯೊಬ್ಬರು ಬಂದು ಎರಡಕ್ಕೂ ಒಳ್ಳೆಯ ರೇಟ್ ಹೇಳಿದರು. ಮಾರಿದರೆ ಸಾಲದ ಬಹುಪಾಲು ತೀರುತ್ತಿತ್ತು, ಅತ್ತಿಗೆಯ ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಬಹುದಿತ್ತು. ಆದರೆ ಎಂಜಿನ್ ಮಾರಿದ ಮೇಲೆ ಮತ್ತೆ ಬೋಟ್ ಮಾಡುವುದು ಕಷ್ಟ. ಏನು ಮಾಡಲಿ ಅಂತ ಅಣ್ಣ ನನ್ನನ್ನು ಕೇಳಿದ.

ನಾನು ದಿನವಿಡೀ ಬೋಟಿನವರ ಲೆಕ್ಕ ಬರೆಯುವವಳು. ಐಸಿನ ಬಾಕಿ ಯಾರು ಕೊಡಬಲ್ಲರು, ಯಾರು ಮುಳುಗುತ್ತಿದ್ದಾರೆ ಅಂತ ಪುಸ್ತಕ ನೋಡಿ ಹೇಳಬಲ್ಲೆ. ಅವನು ಕೇಳಿದ್ದೂ ಲೆಕ್ಕವನ್ನೇ. ನಾನು ಕಳಿಸಿದ್ದು ಯೆರೆಮೀಯ 29:11, ಅಂದರೆ ಬೈಬಲ್‌ನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಕೇಡಿನದಲ್ಲ, ಹಿತದ್ದು, ನಿಮಗೆ ಒಳ್ಳೆಯ ಮುಂದಿನ ದಿನ ಕೊಡುವಂಥದ್ದು ಅಂತ ದೇವರು ಹೇಳುವ ಮಾತು. ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಿಂದ ಹಿಡಿದು ಮದುವೆ ಕಾರ್ಡಿನವರೆಗೆ ಎಲ್ಲೆಲ್ಲೂ ಇರುವ ವಚನ. ಅಣ್ಣ 'ಯಾವಾಗ?' ಅಂತ ಒಂದೇ ಮಾತು ಬರೆದ. 'ಬೇಗ. ಎರಡು ಸೀಸನ್‌ನಲ್ಲಿ ನಿನ್ನ ಬೋಟು ಮತ್ತೆ ನೀರಿಗೆ ಇಳಿಯುತ್ತದೆ, ಎಂಜಿನ್ ಮಾರಬೇಡ' ಅಂತ ನಾನು ಬರೆದೆ. ದೇವರ ಹೆಸರಿನಲ್ಲಿ ತಾರೀಕು ಕೊಟ್ಟೆ!

ಅವನು ಮಾರಲಿಲ್ಲ. ಎಂಜಿನ್‌ಗೆ ಗ್ರೀಸ್ ಬಳಿದು, ಟರ್ಪಾಲ್ ಸುತ್ತಿ ಮನೆ ಹಿಂದೆ ಇಟ್ಟ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ ನಿಮಗೆ ಗೊತ್ತಿರಬಹುದು. ಒಂದು ಮಳೆಗಾಲ ಕಳೆದು ಟರ್ಪಾಲ್ ಎತ್ತಿದಾಗ ಬೋಲ್ಟುಗಳು ಹಿಡಿದುಕೊಂಡಿದ್ದವು, ಬಲೆಯನ್ನು ಇಲಿ ಕಡಿದಿತ್ತು. ಮಲ್ಪೆಯವರು ಬೇರೆ ಕಡೆ ಕೊಂಡಾಗಿತ್ತು. ಕೊನೆಗೆ ಹೋಗಿದ್ದು ಗುಜರಿ ರೇಟಿಗೆ. ಬಡ್ಡಿ ಬೆಳೆಯಿತು, ಬಂಗಾರ ಹರಾಜಾಯಿತು. ಅಣ್ಣ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆ ಕ್ರಿಸ್ಮಸ್‌ಗೆ ಅವರ ಮನೆಯಿಂದ ಕುಸ್ವಾರ್, ಹಬ್ಬದ ತಿಂಡಿಯ ತಟ್ಟೆ, ಬರಲಿಲ್ಲ. ನಾನು ಕೊಟ್ಟ ತಟ್ಟೆಯನ್ನು ಅತ್ತಿಗೆ ಮುಚ್ಚಿದ ಬಟ್ಟೆ ಸಹಿತ ಹಾಗೇ ವಾಪಸ್ ಕಳಿಸಿದರು.

ನನ್ನ ತಪ್ಪು ಎಲ್ಲಿತ್ತು ಅಂತ ನನಗೆ ಆಗಲೂ ತಿಳಿಯಲಿಲ್ಲ. ದೇವರ ಸಮಯ ಬಂದಿಲ್ಲ ಅಂದುಕೊಂಡೆ. ತಿಳಿದದ್ದು ಮುಂದಿನ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಕೇರಿಯ ಪ್ರಾರ್ಥನೆ ಕೂಟದಲ್ಲಿ. ನಿವೃತ್ತ ಕನ್ನಡ ಟೀಚರ್ ಒಬ್ಬರು ಯೆರೆಮೀಯನ 27ರಿಂದ 29ರವರೆಗೆ ಮೂರು ಅಧ್ಯಾಯ ಒಂದೇ ಓಟಕ್ಕೆ ಗಟ್ಟಿಯಾಗಿ ಓದಿದರು. ವಿವರಣೆ ಗಿವರಣೆ ಇಲ್ಲ, ನಡುವೆ ಒಮ್ಮೆ ಕನ್ನಡಕ ಒರೆಸಿಕೊಂಡರು, ಅಷ್ಟೇ.

ಅಲ್ಲಿ ಏನಿದೆ ಗೊತ್ತಾ? ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಜೆರುಸಲೇಮಿನ ಜನರನ್ನು ಸೆರೆ ಒಯ್ದಿದ್ದಾನೆ. ಅವನ ಆಳ್ವಿಕೆಯ ನೊಗವನ್ನು ಹೊರಲೇಬೇಕು ಅಂತ ತೋರಿಸಲು ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ನಿಂತಿದ್ದಾನೆ. ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಎಲ್ಲರೆದುರು ಆ ನೊಗ ತೆಗೆದು ಮುರಿಯುತ್ತಾನೆ. ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ, ಹೋದವರೆಲ್ಲ ವಾಪಸ್ ಬರುತ್ತಾರೆ ಅನ್ನುತ್ತಾನೆ. ದೇವರು ನಿನ್ನನ್ನು ಕಳಿಸಿಲ್ಲ, ಜನ ಸುಳ್ಳನ್ನು ನಂಬುವಂತೆ ಮಾಡಿದ್ದೀ ಅಂತ ಯೆರೆಮೀಯ ಅವನಿಗೆ ಹೇಳುತ್ತಾನೆ. ಆಮೇಲೆ ಬರುವುದು 29ನೇ ಅಧ್ಯಾಯದ ಕಾಗದ. ಅದರಲ್ಲಿ ಸೆರೆಯವರಿಗೆ ಹೇಳಿರುವುದು ಇಷ್ಟು: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳನ್ನು ಹೆರಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಹತ್ತನೇ ವಚನದಲ್ಲಿ ಎಪ್ಪತ್ತು ವರ್ಷ ಅಂತ ಇದೆ. ಕಾಗದ ಕೈಗೆ ಬಂದಾಗ ನಲವತ್ತು ದಾಟಿದವರು ಊರಿಗೆ ಮರಳುವ ಮಾತೇ ಇಲ್ಲ. ಅದಾದ ಮೇಲೆ ಬರುವುದು ನಾನು ಕಳಿಸಿದ ಹನ್ನೊಂದನೇ ವಚನ.

ಅಣ್ಣ 'ಯಾವಾಗ?' ಅಂತ ಕೇಳಿದ್ದಕ್ಕೆ ಉತ್ತರ ಒಂದೇ ವಚನ ಮೇಲೆ ಇತ್ತು. ಬೆರಳಿನಲ್ಲಿ ಸ್ವಲ್ಪ ಸರಿಸಿದ್ದರೆ ಕಾಣುತ್ತಿತ್ತು. ನಾನು ಯೆರೆಮೀಯನ ಮಾತು ತೆಗೆದುಕೊಂಡು ಹನನ್ಯನ ಕೆಲಸ ಮಾಡಿದ್ದೆ. ಎರಡು ಸೀಸನ್, ಎರಡು ವರ್ಷ! ನೆಲಕ್ಕೆ ಹಾಸಿದ ಚಾಪೆಯ ಮೇಲೆ ಕೂತವಳಿಗೆ ಮೈ ಬಿಸಿಯಾಯಿತು.

ಹಾಗಾದರೆ ಐದನೇ ವಚನ ಕಳಿಸಬೇಕಿತ್ತು, 'ಇರುವಲ್ಲೇ ಮನೆ ಕಟ್ಟು' ಅನ್ನಬೇಕಿತ್ತು ಅಂತ ನೀವು ಹೇಳಬಹುದು. ನಾನೂ ಕೆಲವು ದಿನ ಹಾಗೇ ಅಂದುಕೊಂಡೆ. ಅದೂ ತಪ್ಪೇ. ಎಂಜಿನ್ ಮಾರಬೇಕೋ ಬೇಡವೋ ಅಂತ ಯೆರೆಮೀಯ ಬರೆದಿಲ್ಲ. ಸರಿಯಾದ ವಚನ ಆರಿಸಿದ್ದರೆ ಆಗುತ್ತಿತ್ತು ಅನ್ನುವುದು ಮತ್ತೆ ಅದೇ ಚಟ. ಹರಾಜಿನಲ್ಲಿ ಬುಟ್ಟಿಯ ಮೇಲೆ ದೊಡ್ಡ ಬಂಗುಡೆ ಜೋಡಿಸಿ ಇಟ್ಟಿರುತ್ತಾರೆ, ಕೈ ಹಾಕಿ ಕೆಳಗಿನದ್ದು ನೋಡದವನು ಮೋಸ ಹೋಗುತ್ತಾನೆ. ದಿನಕ್ಕೊಂದು ವಚನದವರು ನಮಗೆ ಮೇಲಿನ ಮೀನು ಮಾತ್ರ ತೋರಿಸುತ್ತಾರೆ. ಅಷ್ಟಕ್ಕೂ ಈ ವಚನದ ನಂಬರುಗಳನ್ನು ಬೈಬಲ್ ಬರೆದವರು ಹಾಕಿದ್ದಲ್ಲ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆ ಹಾಕಿದ್ದು ರಾಬರ್ಟ್ ಎಸ್ತಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಅದರಲ್ಲಿ ಸಂತ ಪೌಲ ಬರೆದದ್ದು ಕಾಗದ. ಬಂದ ಕಾಗದವನ್ನು ಯಾರಾದರೂ ಮಧ್ಯದ ಒಂದು ಸಾಲು ಮಾತ್ರ ಓದಿ ಮಡಚಿ ಇಡುತ್ತಾರಾ?

ಈಗ ನಿಮ್ಮ ವಿಷಯ. ವಚನದ ನೋಟಿಫಿಕೇಶನ್ ಆಫ್ ಮಾಡಿ. 'ಒಂದು ವಚನವಾದರೂ ಓದಲಿ ಬಿಡಿ' ಅನ್ನುವವರು ಇಲ್ಲೂ ಬರುತ್ತಾರೆ. ನಾನು ಒಪ್ಪುವುದಿಲ್ಲ. 23ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ, ಪೂರ್ತಿ ಓದಲು ಏನು ತೊಂದರೆ?

ಮಾರ್ಕನಿಂದ, ಅಂದರೆ ಮಾರ್ಕ ಬರೆದ ಯೇಸುವಿನ ಕತೆಯಿಂದ, ಶುರು ಮಾಡಿ. 16 ಅಧ್ಯಾಯ, ಗಟ್ಟಿಯಾಗಿ ಓದಿದರೆ ಒಂದೂವರೆ ಗಂಟೆ ಸುಮಾರು. ಎರಡು ಮೂರು ಸಂಜೆಗೆ ಮುಗಿಸಿ. ಮುಗಿದ ಮೇಲೆ ಮುಂದಕ್ಕೆ ಹೋಗಬೇಡಿ, ಮತ್ತೆ ಮಾರ್ಕನನ್ನೇ ಓದಿ. ಎರಡನೇ ಸಲ ನಿಮಗೆ ಶಿಷ್ಯರ ದಡ್ಡತನ ಕಾಣುತ್ತದೆ, ನಗು ಬರುತ್ತದೆ. ಅದರ ನಂತರ ಫಿಲಿಪ್ಪಿಯವರಿಗೆ ಪೌಲ ಬರೆದ ಕಾಗದ. ನಾಲ್ಕೇ ಅಧ್ಯಾಯ, ಸಂತೋಷಪಡಿ ಸಂತೋಷಪಡಿ ಅಂತ ಹೇಳುವ ಮನುಷ್ಯ ಸೆರೆಯಲ್ಲಿ ಕೂತು ಬರೆದದ್ದು. ಪೂರ್ತಿ ಓದದವರಿಗೆ ಅದು ಗೊತ್ತೇ ಆಗುವುದಿಲ್ಲ. ಆಮೇಲೆ ಕೀರ್ತನೆಗಳು, ಒಂದರ ನಂತರ ಒಂದು, ಆರಿಸದೆ. ಆಗ 88ನೆಯದು ನಿಮ್ಮ ಎದುರಿಗೆ ಬರುತ್ತದೆ. ಅದರಲ್ಲಿ ಸಮಾಧಾನವೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆ ಸೂರ್ಯೋದಯದ ಚಿತ್ರದ ಮೇಲೆ ಅದರ ಕೊನೆಯ ಸಾಲನ್ನು ನಾನು ಇನ್ನೂ ನೋಡಿಲ್ಲ. ಬೋಟು ಒಡೆದವನ ಜೊತೆ ಕೂತು ಓದುವಂಥದ್ದು ಅದು.

ಒಂದು ದಿನ ತಪ್ಪಿತಾ, ತಪ್ಪಲಿ. ಬಾಕಿ ತೀರಿಸಲು ಹೋಗಬೇಡಿ. ಬಾಕಿ ಬರೆಯುವುದು ನನ್ನ ಕೆಲಸ, ಅದು ಪ್ರಾರ್ಥನೆಗೆ ಆಗಿಬರುವುದಿಲ್ಲ.

ಇನ್ನೊಂದು, ಒಬ್ಬರೇ ಓದಬೇಡಿ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ದೊಡ್ಡ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿರುತ್ತಾನೆ. ಅರ್ಥವಾಯಿತಾ ಅಂತ ಯೇಸುವಿನ ಸುದ್ದಿ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಹೇಳಿಕೊಡುವವರಿಲ್ಲದೆ ಹೇಗಾದೀತು ಅನ್ನುತ್ತಾನೆ. ರಾಣಿಯ ಖಜಾನೆ ನೋಡಿಕೊಳ್ಳುವವನಿಗೇ ನಾಚಿಕೆ ಇರಲಿಲ್ಲ, ನಮಗೆ ಯಾಕೆ? ಪಂಡಿತರು ಬೇಕಾಗಿಲ್ಲ. ನೀವು ತಾರೀಕು ಕೊಡಲು ಹೊರಟಾಗ 'ಮೇಲಿನ ವಚನ ಓದು' ಅನ್ನುವ ಒಬ್ಬರು ಸಾಕು. ನೀವು ಕ್ಯಾಥೊಲಿಕರಾದರೆ ಭಾನುವಾರ ಚರ್ಚಿನಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷದ ಸರದಿಯಲ್ಲಿ ಹೇಗೂ ಸಿದ್ಧವಾಗಿವೆ. ಶನಿವಾರ ರಾತ್ರಿ ಆ ವಾಚನದ ಹಿಂದಿನ, ಮುಂದಿನ ಅಧ್ಯಾಯ ಓದಿಕೊಂಡು ಹೋಗಿ. ಪ್ರಸಂಗ ಕೇಳುವ ರೀತಿಯೇ ಬೇರೆಯಾಗುತ್ತದೆ. (ಪಾದ್ರಿಗಳಿಗೆ ಕಷ್ಟ, ಅದು ಬೇರೆ ಮಾತು.)

ವಿಶ್ವಾಸ ಗಟ್ಟಿಯಾಯಿತಾ ಅಂತ ಕೇಳಿದರೆ ನನ್ನ ಬಳಿ ಅಳತೆಯಿಲ್ಲ. ಮೊದಲಿಗಿಂತ ಕಡಿಮೆ ಉತ್ತರ ಕೊಡುತ್ತೇನೆ, ಅದಂತೂ ನಿಜ. ಅಣ್ಣ ಈಗ ಬೇರೆಯವರ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವ. ಐಸ್ ತಗೊಳ್ಳಲು ಫ್ಯಾಕ್ಟರಿಗೆ ಬರುತ್ತಾನೆ, ಮಾತಾಡುತ್ತಾನೆ. ಅತ್ತಿಗೆ ಇನ್ನೂ ಮಾತಾಡುವುದಿಲ್ಲ. ಅವರಿಗೆ ನಾನು ಏನೂ ಕಳಿಸುವುದಿಲ್ಲ.

ಟಿಪ್ಪಣಿ ಇರುವ ದೊಡ್ಡ ಅಧ್ಯಯನ ಬೈಬಲ್ ಕೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಈಗಲೇ ಬೇಡ. ಮಾರ್ಕನನ್ನು ಎರಡು ಸಲ ಓದಿದ ಮೇಲೆ ನಿಮ್ಮದೇ ಪ್ರಶ್ನೆಗಳು ಇರುತ್ತವೆ, ಟಿಪ್ಪಣಿ ಆಗ ಉಪಯೋಗಕ್ಕೆ ಬರುತ್ತದೆ. ಯಾಜಕಕಾಂಡದ ಬಗ್ಗೆ ಆಮೇಲೆ ಇನ್ನೊಂದು ಪ್ರಶ್ನೆ ಹಾಕಿ. ನಾನೂ ಅದನ್ನು ಮುಗಿಸಿದ್ದು ಹೋದ ವರ್ಷವೇ.