ತುದಿ ಒಂದೇ, ಒಳಗಿನ ತಂತಿ ಬೇರೆ

ಪ್ರಶ್ನೆ: ಎಸ್.ಪಿ. ರಸ್ತೆಯಲ್ಲಿ ಕೊಂಡ ಟೈಪ್-ಸಿ ಕೇಬಲ್‌ನಲ್ಲಿ ಫೋನ್ ಚೆನ್ನಾಗಿ ಚಾರ್ಜ್ ಆಗುತ್ತದೆ. ಆದರೆ 100 ವ್ಯಾಟ್ ಚಾರ್ಜರ್ ಹಾಕಿದರೂ ಲ್ಯಾಪ್‌ಟಾಪ್ ನಿಧಾನ; ಮಾನಿಟರ್‌ಗೆ ಜೋಡಿಸಿದರೆ ಪರದೆ ಕಪ್ಪು. ಕೇಬಲ್ ಕೆಟ್ಟಿದೆಯೇ?
– ಓದುಗರು, ಬಸವನಗುಡಿ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಟೈಪ್-ಸಿ ಎಂಬುದು ತುದಿಯ ಆಕಾರದ ಹೆಸರಷ್ಟೇ. ಒಳಗೆ ಯಾವ ತಂತಿಗಳಿವೆ ಎಂದು ಅದು ಹೇಳುವುದಿಲ್ಲ. ಎರಡೂ ಕಡೆ ಟೈಪ್-ಸಿ ಇರುವ ಸಾಧಾರಣ ಕೇಬಲ್‌ಗೆ 3 ಆಂಪಿಯರ್ ಮಿತಿ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್. 5 ಆಂಪಿಯರ್ ಬೇಕಾದರೆ ತುದಿಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ಅದು ‘ನಾನು ತಾಳಬಲ್ಲೆ’ ಎನ್ನದಿದ್ದರೆ ಚಾರ್ಜರ್ 3 ಆಂಪಿಯರ್ ದಾಟುವುದಿಲ್ಲ. ತಂತಿ ಕಾಯದಿರಲೆಂದೇ ಈ ಬಿಗಿ. 65 ವ್ಯಾಟ್ ಚಾರ್ಜರ್ ಕೂಡ 20 ವೋಲ್ಟ್‌ನಲ್ಲಿ 3.25 ಆಂಪಿಯರ್ ಕೊಡುವಂಥದ್ದು. ಪೂರ್ತಿ ಸಿಗಬೇಕಾದರೆ ಅದಕ್ಕೂ 5 ಆಂಪಿಯರ್ ಕೇಬಲ್ಲೇ ಬೇಕು.

ಮಾನಿಟರ್ ಕತೆ ಬೇರೆ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ: ಸೆಕೆಂಡಿಗೆ 480 ಮೆಗಾಬಿಟ್. ಚಿತ್ರ ಒಯ್ಯುವ ವೇಗದ ಜೋಡಿ ತಂತಿಗಳೇ ಇಲ್ಲ. ಮೇಲೆ ‘240 ವ್ಯಾಟ್’ ಎಂದು ಬರೆದಿದ್ದರೂ ಅಷ್ಟೇ. ಜನ ಏಮಾರುವುದು ಇಲ್ಲಿಯೇ.

ಅಂಗಡಿಯಲ್ಲಿ ಎರಡು ಅಂಕಿ ಕೇಳಿ: ವ್ಯಾಟ್ 100 ಅಥವಾ 240, ವೇಗ 10 ಗಿಗಾಬಿಟ್ ಅಥವಾ ಹೆಚ್ಚು. ಉದ್ದ 1 ಮೀಟರ್ ಸಾಕು. ಉದ್ದವಾದಷ್ಟೂ ವೇಗ ಉಳಿಸುವುದು ಕಷ್ಟ, ಬೆಲೆಯೂ ಜಾಸ್ತಿ. ಕೊಳ್ಳುವ ಮುನ್ನ ಲ್ಯಾಪ್‌ಟಾಪ್‌ನ ಆ ಪೋರ್ಟ್ ಡಿಸ್‌ಪ್ಲೇಗೆ ಒಗ್ಗುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.